ಇಳಿಯದ ಆಯಿಲ್

ಅಣ್ಣಾ,

ಕಾರು ಸ್ಟಾರ್ಟ್ ಮಾಡಬೇಡ. ಅತ್ತಿಗೆಯನ್ನೂ ಕೂಸನ್ನೂ ಆಸ್ಪತ್ರೆಯಿಂದ ಟ್ಯಾಕ್ಸಿಯಲ್ಲೇ ಕರೆದುಕೊಂಡು ಬಾ.

“ಎರಡು ವಾರದಿಂದ ಒಂದು ಹನಿ ಆಯಿಲ್ ಕುಡಿದಿಲ್ಲ ಕಣೋ, ಗಾಡಿಗೆ ಬುದ್ಧಿ ಬಂತು” ಎಂದು ನಿನ್ನೆ ಊಟಕ್ಕೆ ಕೂತಾಗ ನಕ್ಕೆಯಲ್ಲ, ನನಗೆ ಆಗಲೇ ಅನುಮಾನ ಬಂತು. ನಿನ್ನ ಕಾರಿನ ರೋಟರಿ ಎಂಜಿನ್ ಓಡುವಾಗ ಸ್ವಲ್ಪ ಆಯಿಲ್ ಸುಡದೆ ಇರುವುದಿಲ್ಲ; ಮಟ್ಟ ಇಳಿದಿಲ್ಲವೆಂದರೆ ಅದಕ್ಕೆ ಬೇರೇನೋ ಸೇರುತ್ತಿದೆ. ಬೆಳಿಗ್ಗೆ ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದೆ. ಮಟ್ಟ ಮೇಲಿನ ಗೆರೆ ದಾಟಿದೆ, ಪೆಟ್ರೋಲ್ ವಾಸನೆ, ಬೆರಳ ನಡುವೆ ನೀರಿನ ಹಾಗೆ ಜಾರುತ್ತದೆ.

ನೀನು ಹೆರಿಗೆಗೆಂದು ಅತ್ತಿಗೆಯ ಜೊತೆ ಆಸ್ಪತ್ರೆಯಲ್ಲಿದ್ದಾಗ ದಿನಾ ಕಾರನ್ನು ನೆರಳಿಗೆಂದು ನಾಲ್ಕು ಮಾರು ಸರಿಸಿ, ಎಂಜಿನ್ ಬಿಸಿಯಾಗುವ ಮೊದಲೇ ಆಫ್ ಮಾಡಿದವನು ನಾನು. ಉರಿಯದ ಪೆಟ್ರೋಲ್ ಆಯಿಲಿಗೆ ಇಳಿದಿರಬೇಕು.

ಇಷ್ಟು ತೆಳುವಾದ ಆಯಿಲಿನಲ್ಲಿ, ಆಸ್ಪತ್ರೆ ದಾರಿಯ ಸೇತುವೆಯ ಮೇಲೆ ಎಂಜಿನ್ ಬಿಗಿದು ನಿಂತರೆ, ಹೊತ್ತಿಕೊಂಡರೆ? ಮುಂದೆ ಬರೆಯಲಾರೆ. ಮೆಕ್ಯಾನಿಕ್‌ಗೆ ತೋರಿಸಲು ಒಂದು ಶೀಶೆ ಆಯಿಲ್ ಒಯ್ಯುತ್ತಿದ್ದೇನೆ.

ಬೈಯುವುದನ್ನು ಸಂಜೆಗೆ ಇಟ್ಟುಕೊ. ಮೂವರೂ ಮನೆ ಸೇರಿದ ತಕ್ಷಣ ಫೋನ್ ಮಾಡು.