ಕಾವಿಯ ಅಂಚು

ಬಾನ್ ನಾ ಖಾಮ್, ರೋಯ್ ಎತ್

ಪೂಜ್ಯ ಹಿರಿಯ ಭಿಕ್ಷುಗಳ ಸನ್ನಿಧಿಗೆ,

ನಾಳೆ ಅಮ್ಮನ ದಹನ. ಅದಕ್ಕೆ ಮುನ್ನ ಮನೆಯ ಗಂಡುಮಗನೊಬ್ಬ ಒಂದು ದಿನದ ಮಟ್ಟಿಗೆ ಭಿಕ್ಷುವಾಗಬೇಕು, ಅವನ ಕಾವಿಯ ಅಂಚು ಹಿಡಿದು ಸತ್ತವಳು ಸ್ವರ್ಗ ಸೇರುತ್ತಾಳೆ ಎಂಬುದು ನಮ್ಮವರ ನಂಬಿಕೆ. ಅಮ್ಮನಿಗೆ ಇರುವವಳು ನಾನೊಬ್ಬಳೇ ಮಗಳು. ನಾನೇ ತಲೆ ಬೋಳಿಸಿಕೊಳ್ಳುತ್ತೇನೆ ಎಂದಾಗ ನೀವು, "ಹೆಣ್ಣಿಗೆ ಕಾವಿ ಇಲ್ಲಮ್ಮ" ಎಂದಿರಿ.

ಸಾವಿನ ಮನೆಗಳಲ್ಲಿ ನಿಮ್ಮ ವಿಹಾರದವರು ಹಂಚುವ ಪುಟ್ಟ ಪುಸ್ತಕಗಳನ್ನೆಲ್ಲ ನಾನು ಓದಿದ್ದೇನೆ. ಅವರವರ ಕರ್ಮವೇ ಅವರವರ ಆಸ್ತಿ, ಒಬ್ಬರ ಪುಣ್ಯ ಇನ್ನೊಬ್ಬರನ್ನು ದಾಟಿಸದು ಎಂದು ಅಚ್ಚು ಹಾಕಿಸಿದವರು ನೀವೇ. ನೀವು ಅವನ್ನು ಓದಿದಂತಿಲ್ಲ.

ಈಗ ಕಾವಿ ಉಡುವವನು ದೊಡ್ಡಮ್ಮನ ಮಗ ದೇಚಾ. ಅಮ್ಮ ಹಾಸಿಗೆ ಹಿಡಿದ ಮೇಲೆ ಅವನು ಇತ್ತ ತಲೆ ಹಾಕಿಲ್ಲ. ನಿನ್ನೆ ಹೆಣದ ಮುಂದೆಯೇ ನಕ್ಕ: "ಒಂದಿನ ಬಿಯರ್ ಬಿಟ್ರೆ ಚಿಕ್ಕಮ್ಮಂಗೆ ಸ್ವರ್ಗ. ನೀನು ಅಷ್ಟೊಂದು ಪುಸ್ತಕ ಓದಿ ಅವ್ಳಿಗೇನ್ ಕೊಡಿಸ್ದೆ?"

ಕೊನೆಯ ದಿನಗಳಲ್ಲಿ ಅಮ್ಮ, "ನಾನ್ಯಾರ ಅಂಚು ಹಿಡ್ಕೊಂಡು ಹೋಗ್ಲೇ?" ಎಂದು ಕೇಳುತ್ತಲೇ ಇದ್ದಳು. ನಾನು ಇದನ್ನು ನಂಬುವುದಿಲ್ಲ. ಅವಳು ನಂಬಿದ್ದಳು. ಆದ್ದರಿಂದ ಅವನಿಗೇ ದೀಕ್ಷೆ ಕೊಡಿ.

ಒಂದು ವಿನಂತಿ ಮಾತ್ರ ನಡೆಸಿಕೊಡಿ. ಕಾವಿಯ ಅಂಚನ್ನು ಅವನ ಎಡಗಡೆಗೆ ಇಳಿಬಿಡಿಸಿ. ಲಕ್ವ ಹೊಡೆದ ಮೇಲೆ ಅಮ್ಮನ ಬಲಗೈಯಲ್ಲಿ ಹಿಡಿತವಿರಲಿಲ್ಲ. ಅವನಿಗೆ ಇದು ತಿಳಿದಿಲ್ಲ.

ಬುಆಲಾಳ ಮಗಳು,
ಸೈಫಿನ್