ಹೂಂಗುಟ್ಟುವವರಿಲ್ಲದ ಕಥೆ

ಉಣಕಲ್, ಹುಬ್ಬಳ್ಳಿ
೨ ಫೆಬ್ರುವರಿ ೨೦೨೫, ಭಾನುವಾರ

ಪ್ರೀತಿಯ ಚನ್ನವ್ವಾ,

ನಿನ್ನ ಮೊಣಕಾಲು ನೋವು ಹೇಗಿದೆ? ಸೊಲ್ಲಾಪುರದಲ್ಲಿ ಚಳಿ ಇಳಿಯಿತೇ? ಬಾಣಂತಿ ರಜನಿ ಹೊಟ್ಟೆ ತುಂಬ ಉಣ್ಣುತ್ತಾಳೋ, ಮೊಮ್ಮಗಳು ನಿನಗೆ ನಿದ್ದೆ ಮಾಡಗೊಡುತ್ತಾಳೋ? ಫೋನಿನಲ್ಲಿ ಕೇಳೋಣವೆಂದರೆ ಕೂಸು ಅಳುತ್ತದೆ, ನೀನು "ಆಮ್ಯಾಲೆ ಮಾತಾಡ್ತೇನ್ರಿ" ಎಂದು ಇಟ್ಟುಬಿಡುತ್ತೀ. ಅದಕ್ಕೇ ಈ ಕಾಗದ. ಯುಗಾದಿಗೆ ಬರಬೇಕಾದ ಅವ್ವನನ್ನು ಇನ್ನೊಂದು ವರ್ಷ ಇಟ್ಟುಕೊಳ್ಳಲೇ ಎಂದು ರಜನಿ ಮೊನ್ನೆ ಕೇಳಿದಳು. ಹೂಂ ಅಂದಿದ್ದೇನೆ, ನೀನು ಚಿಂತೆ ಮಾಡಬೇಡ. ಸೊಸೆ ರೊಟ್ಟಿ ಛಲೋ ಬಡಿಯುತ್ತಾಳೆ. ಆದರೆ ಅವಳೂ ಗುರುಬಸವನೂ ಕೆಲಸದಿಂದ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು ಮೀರಿರುತ್ತದೆ.

ಸಂಜೆ ಚಂದ್ರಮೌಳೇಶ್ವರ ಗುಡಿಯ ಪಕ್ಕದ ಗಾರ್ಡನ್ನಿಗೆ ಹೋಗುತ್ತೇನೆ. ನಮ್ಮದೇ ಬೆಂಚಿನ ಮೇಲೆ, ನಿನ್ನ ಕಡೆ ಜಾಗ ಬಿಟ್ಟು ಕೂಡುತ್ತೇನೆ. ಬಿಸಿಲು ಇಳಿದಾಗ ಆ ಹಳೆಯ ಕಲ್ಲಿನ ಗೋಡೆ ಮೈ ತೊಳೆಸಿಕೊಂಡ ಎಮ್ಮೆಯಂತೆ ಮಿನುಗುತ್ತದೆ. ನೀನಿದ್ದರೆ "ದೇವರ ಗುಡೀಗೆ ಎಮ್ಮಿ ಅಂತೀರಲ್ರಿ, ನಾಲಿಗಿಗೆ ಎಲುಬಿಲ್ಲೇನು?" ಎಂದು ಬೈಯುತ್ತಿದ್ದೆ.

ನಿನ್ನೆ ನಿನ್ನ ಜಾಗಕ್ಕೆ ಒಬ್ಬ ಹುಡುಗ ಬಂದು ಕೂತ. ಆ ಗುಡಿಗೆ ನಾಲ್ಕೂ ದಿಕ್ಕಿಗೆ ಬಾಗಿಲಲ್ಲವೇ? ನೋಡುತ್ತ ನೋಡುತ್ತ ನಮ್ಮ ಉಪ್ಪಿನಬೆಟಗೇರಿಯ ಕಥೆ ಬಾಯಿಗೆ ಬಂತು. ಗಂಡನನ್ನು ಹೊರಗೆ ನಿಲ್ಲಿಸಿ ನಾಲ್ಕು ಬಾಗಿಲಿನ ಗುಡಿಯೊಳಗೆ ಹೋದ ಹೆಂಡತಿಯ ಕಥೆ. ಕೇಳುವವರು ಹೂಂ ಅನ್ನದಿದ್ದರೆ ನಮ್ಮ ಕಡೆ ಕಥೆ ಒಂದು ಹೆಜ್ಜೆ ಮುಂದಿಡುವುದಿಲ್ಲ. ಈ ಹುಡುಗ ತಪ್ಪದೆ ಹೂಂ, ಹೂಂ ಅನ್ನುತ್ತಿದ್ದ. ನೀನು ಹೋದಮೇಲೆ ಅಷ್ಟು ಚೆಂದದ ಹೂಂ ನಾನು ಕೇಳಿರಲಿಲ್ಲ. ಕೈ ಬೀಸಿ, ದನಿ ಏರಿಸಿ ಹೇಳಿದೆ. ಗಂಡ ಮೂಡಣ ಬಾಗಿಲಿಗೆ ಓಡಿದ, ಪಡುವಣ ಬಾಗಿಲಿಗೆ ಓಡಿದ, ಹೆಂಡತಿ ಯಾವ ಕಡೆಯಿಂದ ಬರುತ್ತಾಳೋ ತಿಳಿಯದು ಎನ್ನುವಾಗ ಹುಡುಗ ಕಿವಿಯಿಂದ ಏನೋ ಕಿತ್ತು, "ಅಜ್ಜಾರ, ನನಗ ಏನರ ಅಂದ್ರೇನ್ರಿ?" ಎಂದ. ಅಷ್ಟೂ ಹೂಂ ಅವನ ಫೋನಿಗೆ!

ಪಕ್ಕದಲ್ಲೇ ಹುಲ್ಲು ಕೀಳುತ್ತಿದ್ದ ಗಾರ್ಡನ್ ಕೆಲಸದ ಗುಲ್ಜಾರಬಿ ಬಿದ್ದು ಬಿದ್ದು ನಕ್ಕಳು. "ಅಂವಾ ಕೇಳದಿದ್ರ ಬಿಡ್ರಿ, ನಾ ಕೇಳಾಕತ್ತೇನಿ. ಮುಂದ ಹೇಳ್ರಿ, ಆಕಿ ಹೊರಗ ಬಂದ್ಲೋ ಇಲ್ಲೋ?" "ನಾಳಿ ಹೇಳ್ತೇನಿ ತಾಯಿ" ಎಂದು ಎದ್ದುಬಂದೆ. ಇವತ್ತು ಆ ಕಡೆ ಹೋಗಲಿಲ್ಲ.

ರಜನಿಗೂ ಅಳಿಯನಿಗೂ ಆಶೀರ್ವಾದ ಹೇಳು. ಕೂಸಿನ ಹಣೆಗೆ ನನ್ನ ಹೆಸರಿನಲ್ಲಿ ಒಂದು ಚಿಟಿಕೆ ವಿಭೂತಿ ಹಚ್ಚು.

ನಿನ್ನ
ಶಾಂತಯ್ಯ

ಬರೆಯಲು ಮರೆತೆ: ರಜನಿಗೆ ನಾನು ಅಂದ ಹೂಂ ಆ ಹುಡುಗನ ಹೂಂನಂಥದ್ದು, ಲೆಕ್ಕಕ್ಕೆ ಹಿಡಿಯಬೇಡ. ಇನ್ನೊಂದು ಮಾತು. ಆ ಕಥೆಯಲ್ಲಿ ಗಂಡ ಬಾಗಿಲಿಂದ ಬಾಗಿಲಿಗೆ ಓಡುವ ಹೊತ್ತಿಗೆ ನನಗೆ ಯಾವಾಗಲೂ ನಿದ್ದೆ ಹತ್ತುತ್ತಿತ್ತು. ಮುಂದಿನದನ್ನು ಮಕ್ಕಳಿಗೆ ಹೇಳಿ ಮುಗಿಸುತ್ತಿದ್ದವಳು ನೀನೇ. ಆಕೆ ಯಾವ ಬಾಗಿಲಿನಿಂದ ಹೊರಗೆ ಬಂದಳು, ಚನ್ನವ್ವಾ? ಬರೆದು ಕಳಿಸಬೇಡ. ಬಂದು ಹೇಳು.