ಡೇರಿ ಬಿಟ್ಟು ನಾಲ್ಕು ದಿನ

ಮೇ 15, ಗುರುವಾರ. ಬೆಳಿಗ್ಗೆ 8.10

ಅರವತ್ತೆರಡು ಜನ ಹಾಲು ಹಾಕಿದ್ರು. ಕ್ಯಾನು ಹೋಯ್ತು. ಇನ್ನು ನಾಲ್ಕು ದಿನ ಈ ಕುರ್ಚಿ ಅಣ್ಣನ ಮಗಳು ಅನೂದು.

ಹನ್ನೊಂದು ವರ್ಷ ಡೇರಿ ಸೆಕ್ರೆಟರಿ. ಬೆಳಿಗ್ಗೆ ಹಾಲು, ಸಂಜೆ ಹಾಲು, ಹಬ್ಬದ ದಿನಾನೂ ಹಾಲು. ಹಸು ರಜಾ ಹಾಕಲ್ವಲ್ಲ... ಪ್ರೆಸಿಡೆಂಟು ದೊಡ್ಡಬೀರಯ್ಯ ನನ್ನ ರಜಾ ಅರ್ಜಿ ಎರಡು ಸಲ ಓದಿದ್ರು. ಬೆಂಗ್ಳೂರಲ್ಲಿ ಯಾರವ್ರೆ, ಮದ್ವೆಯಾ, ಆಸ್ಪತ್ರೆಯಾ ಅಂತ ಕೇಳಿದ್ರು. ಯಾರೂ ಇಲ್ಲ, ನಾಟಕ ನೋಡೋಕೆ ಅಂದೆ. ಒಬ್ಳೇನಾ ಅಂದ್ರು. ಒಬ್ಳೇ.

ಕೊಪ್ಪದಿಂದ ಬಸ್ಸು. ಮದ್ದೂರಲ್ಲಿ ರೈಲು. ಹೊರಟೆ.

ಸಂಜೆ 5.30

ಬಸವನಗುಡಿ. ಲೇಡೀಸ್ ಹಾಸ್ಟೆಲ್ಲಿನ ಗೆಸ್ಟ್ ರೂಮು. ಕಿಟಕಿಗೆ ತಾಗಿದ ಹಾಗೆ ಹೊಂಗೆ ಮರ. ಊರಲ್ಲಿ ಈಗ ಕ್ಯೂ ನಿಂತಿರತ್ತೆ. ನಾನು ಕಾಲು ಚಾಚಿ ಕಾಫಿ ಕುಡೀತಿದೀನಿ. ಏಳಕ್ಕೆ ನಾಟಕ. ಸೀರೆ ಎರಡು ಸಲ ಬದಲಾಯಿಸಿದೆ. ನೋಡೋರು ಯಾರು? ನಾನೇ.

ಮೇ 16, ಶುಕ್ರವಾರ. ಮಧ್ಯಾಹ್ನ 3

ನಿನ್ನೆ ದೀಪ ಆರಿತು, ಪರದೆ ಸರೀತು — ಮೈಯೆಲ್ಲಾ ಜುಮ್ಮಂತು. ಜೋರಾಗಿ ನಕ್ಕಿದ್ದು ನಾನೊಬ್ಳೇ ಅನ್ಸತ್ತೆ. ಪಕ್ಕದಲ್ಲಿ ಕೂತಿದ್ದೋರು ತಿರುಗಿ ನೋಡಿದ್ರು, ಅವರೂ ನಗೋಕೆ ಶುರು. ಸರಸಮ್ಮ ಅಂತ. ರಿಟೈರ್ಡ್ ಟೀಚರು. ಎಪ್ಪತ್ತಾಗಿದೆ, ನಡಿಗೇಲಿ ನನ್ನನ್ನ ಹಿಂದೆ ಹಾಕ್ತಾರೆ.

ಇವತ್ತು ಅವರ ಜೊತೆ ಲಾಲ್‌ಬಾಗು, ಮೆಟ್ರೋ, ಒಂದು ಚಿತ್ರಗಳ ಎಕ್ಸಿಬಿಷನ್ನು. ಒಂದು ಚಿತ್ರದ ಮುಂದೆ ಅರ್ಧ ಗಂಟೆ ನಿಂತೆ. ಬರೀ ನೀಲಿ. ಯಾಕೆ ಅಂತ ಗೊತ್ತಿಲ್ಲ. ಬೇಗ ಬಾ ಅನ್ನೋರು ಯಾರೂ ಇರ್ಲಿಲ್ಲ — ಅದಕ್ಕೇ ಇರಬೇಕು.

ನಾಳೆ ಅವರ ಗೆಳತಿಯರು ಸೇರಿ ಒಂದು ನಾಟಕ ಓದ್ತಾರಂತೆ. ಒಬ್ಬರು ಕಮ್ಮಿಯಂತೆ. ಬರ್ತೀರಾ ಅಂದ್ರು. ಹೂಂ ಅಂದ್ಬಿಟ್ಟೆ!

ಮೇ 18, ಭಾನುವಾರ. ಬೆಳಿಗ್ಗೆ 9

ನಿನ್ನೆ ಬರೆಯೋಕಾಗ್ಲಿಲ್ಲ.

ನನಗೆ ಕೊಟ್ಟಿದ್ದು ದೋಣಿ ನಡೆಸೋ ಮುದುಕಿ ಪಾತ್ರ. ರಾಜ ಬಂದ್ರೂ ಕ್ಯೂನಲ್ಲೇ ಬಾ ಅನ್ನೋಳು. ಪುಸ್ತಕದಲ್ಲಿ ಇದ್ದಿದ್ದು ‘ಹೊತ್ತು ಹೋಗಿಲ್ಲ, ಹತ್ತಯ್ಯ ದೋಣಿ’ ಅಂತ. ನನ್ನ ಬಾಯಲ್ಲಿ ‘ಒತ್ತೋಗಿಲ್ಲ, ಅತ್ತಯ್ಯ ದೋಣಿ’ ಅಂತ ಬಂತು. ಮೂಲೇಲಿ ಯಾರೋ ಕಿಸಕ್ಕಂದ್ರು. ಕಿವಿ ಬಿಸಿ. ಮತ್ತೆ ಓದಿದೆ, ‘ಹ’ ಹುಡುಕಿ ಹುಡುಕಿ ಅಂಟಿಸಿಕೊಂಡು. ಮಾತು ಸತ್ತ ಹಾಗಿತ್ತು. ಪುಸ್ತಕ ಮುಚ್ಚಿ ಚೀಲ ಎತ್ಕೊಂಡೆ.

ನಾಟಕ ಮಾಡಿಸೋ ಹುಡುಗಿ ಗೌತಮಿ ಬಾಗಿಲಿಗೇ ಬಂದ್ಲು. “ಮೊದಲು ಓದಿದ್ರಲ್ಲ, ಹಾಗೇ ಓದಿ. ಆ ಮುದುಕಿ ಕಾಲೇಜಿಗೆ ಹೋದೋಳಲ್ಲ” ಅಂದ್ಲು. ಓದಿದೆ. ಈ ಸಲ ಯಾರೂ ನಗ್ಲಿಲ್ಲ. ನಿನ್ನೆದು ಬರೀ ತಾಲೀಮು; ಇವತ್ತು ಸಂಜೆ ಹಾಲ್‌ನಲ್ಲಿ, ಐವತ್ತು ಜನದ ಮುಂದೆ ಓದಬೇಕು.

ಹೊರಗೆ ಬಂದ್ರೆ ದೊಡ್ಡಬೀರಯ್ಯನ ಫೋನು. ಹಾಲು ಪರೀಕ್ಷೆ ಮಾಡೋ ಮಿಷಿನ್ನು ಫ್ಯಾಟ್ ತೋರಿಸ್ತಿಲ್ಲ, ರೇಟು ಹೆಂಗೆ ಹಾಕ್ತೀರಾ ಅಂತ ಜನ ಗಲಾಟೆ.

“ನಾಳೀಕೇ ಬಂದ್ಬುಡವ್ವ. ಆ ಉಡ್ಗಿ ಕೈಲಿ ಆಗಾಕಿಲ್ಲ.”

ಬತ್ತೀನಿ ಅನ್ನೋದು ನಾಲಿಗೆ ತುದೀಲೇ ಇತ್ತು. ಹನ್ನೊಂದು ವರ್ಷ ಅದನ್ನೇ ಅಂದಿದ್ದು. ಅನೂಗೆ ಕೊಡಿ ಅಂದೆ. ಫುಟ್‌ಪಾತಲ್ಲೇ ನಿಂತು ಹೇಳಿಕೊಟ್ಟೆ — ಪೈಪ್ ಬಿಚ್ಚು, ಬಿಸಿನೀರಲ್ಲಿ ತೊಳಿ, ಆಫ್ ಮಾಡಿ ಆನ್ ಮಾಡು. ಹತ್ತು ನಿಮಿಷ. ಅದರ ಮಧ್ಯೆ ನಾಳೆ ನಾಟಕ ಓದೋದಿದೆ ಅಂತಾನೂ ಹೇಳಿದೆ. ಆಮೇಲೆ ಅವಳ ದನಿ: “ಬಂತು ಅತ್ತೆ. ನೀ ಸೋಮ್ವಾರ್ವೇ ಬಾ.”

ಪ್ರೆಸಿಡೆಂಟ್ರಿಗೂ ಹೇಳಿದೆ. “ಸೋಮವಾರವೇ ಬತ್ತೀನಿ ಕಣಣ್ಣ.” ಅವರು ಆಯ್ತು ಬುಡು ಅಂದ್ರು. ಅಷ್ಟೇ! ಇಷ್ಟು ಸುಲಭ ಇತ್ತಾ?

ಮೇ 19, ಸೋಮವಾರ. ರೈಲಲ್ಲಿ, ಬೆಳಿಗ್ಗೆ 7.40

ಜಾಗ ಸಿಕ್ಕಿತು, ಕಿಟಕಿ ಪಕ್ಕ. ಅಕ್ಷರ ಕುಣೀತಿದೆ. ಇರಲಿ.

ಹಾಲ್ ತುಂಬಿತ್ತು. ಮೊದಲ ಪುಟದಲ್ಲೇ ಜಾಗ ತಪ್ಪಿತು, ಸಾಲು ಸಿಗ್ತಿಲ್ಲ. ಸರಸಮ್ಮ ಬೆರಳಿಟ್ಟು ತೋರಿಸಿದ್ರು. ಆಮೇಲೆ ಪುಸ್ತಕ ಬೇಕಾಗ್ಲೇ ಇಲ್ಲ ಅನ್ನೋ ಹಾಗೆ... ರಾಜನ್ನ ಬೈದಿದ್ದೇ ಬೈದಿದ್ದು. ಜನ ನಕ್ಕರು, ಬೇಕಾದ ಕಡೇನೇ ನಕ್ಕರು. ಕೊನೇಲಿ ಚಪ್ಪಾಳೆ.

ಎಲ್ಲಾ ಎದ್ದ ಮೇಲೆ ಒಬ್ಬರು ವಯಸ್ಸಾದೋರು ನಿಧಾನಕ್ಕೆ ಬಂದ್ರು. ನಮ್ಮ ಕಡೆಯವರೇ, ಕಿರುಗಾವಲಿನವರಂತೆ. ಬೆಂಗಳೂರಿಗೆ ಬಂದು ಮೂವತ್ತು ವರ್ಷ, ಮನೇಲಿ ಹಿಂಗೆ ಮಾತಾಡೋರು ಯಾರೂ ಉಳಿದಿಲ್ಲವಂತೆ.

“ಆ ದೋಣಿ ಮಾತ ಇನ್ನೊಂದ್ಸಲ ಅನ್ನವ್ವ.”

ಅಂದೆ. ಅವರು ಕಣ್ಣು ಮುಚ್ಚಿ ಕೇಳಿಸ್ಕೊಂಡ್ರು. ತಲೆ ಆಡಿಸಿ ಹೊರಟೋದ್ರು. ಹೆಸರು ಕೇಳೋದೇ ಮರೆತೆ.

ಮುಂದಿನ ತಿಂಗಳು ಸರಸಮ್ಮನವರೆಲ್ಲ ಮೈಸೂರಲ್ಲಿ ಓದ್ತಾರಂತೆ. ಬತ್ತೀನಿ ಅಂದೆ. ಯಾರನ್ನೂ ಕೇಳ್ದೆ ಅಂದ್ಬಿಟ್ಟೆ. ಅನೂಗೆ ಹೇಳಬೇಕು, ಮೊದಲು ಅವಳಿಗೇ —

ಮದ್ದೂರು ಬಂತು. ಪ್ಲಾಟ್‌ಫಾರಂ ಮೇಲೆ ಅವಳೇ ನಿಂತವ್ಳೆ. ನಾಟಕ ಏನಾಯ್ತು ಏನಾಯ್ತು ಅಂತ ಎರಡೂ ಕೈ ಆಡಿಸ್ತಾ ಅವ್ಳೆ.